ನೂರೈದು ನಂಬರಿನ ಜೆಟ್ಟು

ಅಂಜನಮ್ಮ ತನಗೆ ಗೊತ್ತಿದ್ದದ್ದನ್ನು ಯಾರಿಗೂ ಹೇಳಿಕೊಡದ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ಕೆಲವರು ದುಡ್ಡಿನಲ್ಲಿ ಜಿಪುಣರಿರುತ್ತಾರೆ, ಕೆಲವರು ಮಾತಿನಲ್ಲಿ. ಅವಳು ವಿದ್ಯೆಯಲ್ಲಿ ಜಿಪುಣಿ. ಬಸ್ಸಾರಿಗೆ ಏನು ಹಾಕುತ್ತೀಯೆಂದು ಓರಗಿತ್ತಿ ಕೇಳಿದರೆ "ಎಲ್ರೂ ಆಕೋದೇ" ಎಂದು ಸೌಟು ತಿರುಗಿಸುತ್ತಿದ್ದಳು. ಕಾರ್ಖಾನೆಯಲ್ಲಿ ಇಪ್ಪತ್ತಮೂರು ವರ್ಷ ಒಂದೇ ಮೇಜಿನ ಮುಂದೆ ಕೂತಳು. ಅಷ್ಟು ವರ್ಷದಲ್ಲಿ ಅವಳ ಕೈಕೆಳಗೆ ಕೆಲಸ ಕಲಿತೆ ಎಂದು ಹೇಳಿಕೊಳ್ಳುವವರು ಒಬ್ಬರೂ ಇಲ್ಲ.

ಆ ಕಾರ್ಖಾನೆ ಪೀಣ್ಯ ಎರಡನೇ ಹಂತದಲ್ಲಿತ್ತು. ಕಾರು, ಜೀಪುಗಳಿಗೆ ಕಾರ್ಬುರೇಟರ್ ಮಾಡುತ್ತಿದ್ದರು. ಅದರ ಗೋಡೆ ಎದ್ದ ಜಾಗದಲ್ಲಿ ಮೊದಲು ಅಂಜನಮ್ಮನ ಅಪ್ಪನ ರಾಗಿ ಹೊಲವಿತ್ತು. ಜಮೀನು ಹೋದ ಮನೆಗೊಂದು ಕೆಲಸ ಎಂದಾಗ ತಮ್ಮಂದಿರಿಬ್ಬರೂ ಇನ್ನೂ ಚಿಕ್ಕವರು. ಎಸ್ಸೆಸ್ಸೆಲ್ಸಿ ಪಾಸಾಗಿದ್ದವಳು ಇವಳೊಬ್ಬಳೇ, ಕೆಲಸ ಇವಳಿಗೆ ಬಂತು. ಮುಂದೆ ತಮ್ಮಂದಿರು ಉಳಿದ ಜಾಗದಲ್ಲಿ ಸಾಲಾಗಿ ಬಾಡಿಗೆ ರೂಮು ಕಟ್ಟಿಸಿದರು. ನನಗೇನು ಎಂದು ಇವಳು ಕೇಳಿದಾಗ "ನಿಂಗೆ ಫ್ಯಾಕ್ಟ್ರಿ ಕೊಟ್ಟಿಲ್ವಾ ಅಕ್ಕಾ" ಎಂದು ನಕ್ಕರು. ತವರಿನ ಪಾಲು ಎಂದು ಅವಳಿಗೆ ಸಿಕ್ಕಿದ್ದು ಆ ಮೇಜು ಮತ್ತು ಅದರ ಮುಂದಿನ ಮರದ ಸ್ಟೂಲು. ಗಂಡ ಶ್ಯಾಮಣ್ಣನ ಬಲಗೈಯ ಎರಡು ಬೆರಳು ಬೇರೊಂದು ಕಾರ್ಖಾನೆಯ ಪ್ರೆಸ್ಸಿಗೆ ಸಿಕ್ಕಿದ ಮೇಲೆ ಮನೆಯಲ್ಲಿ ದುಡಿಯುವವಳು ಅವಳೊಬ್ಬಳೇ.

ಕೆಲಸ ಇಷ್ಟು. ಕಾರ್ಬುರೇಟರಿನ ಒಳಗೆ ಹಿತ್ತಾಳೆಯ ಒಂದು ಪುಟ್ಟ ತಿರುಪು ಇರುತ್ತದೆ, ಅದರ ನಡುವೆ ತೂತು. ಅದು ಜೆಟ್ಟು. ಎಂಜಿನ್ನು ಎಷ್ಟು ಪೆಟ್ರೋಲು ಕುಡಿಯಬೇಕೆಂದು ನಿರ್ಧರಿಸುವುದು ಆ ತೂತು. ತೂತಿನ ಅಳತೆಯೇ ಅದರ ನಂಬರು, ನೂರೈದು, ನೂರ ಹದಿನೈದು, ನೂರ ಮೂವತ್ತು ಎಂದು ಬೆನ್ನ ಮೇಲೆ ಹೊಡೆದಿರುತ್ತದೆ. ನೂರೈದಕ್ಕೂ ನೂರ ಮೂವತ್ತಕ್ಕೂ ಇರುವ ವ್ಯತ್ಯಾಸ ಒಂದು ಮಿಲಿಮೀಟರಿನ ಕಾಲು ಭಾಗ. ಅಂಜನಮ್ಮನ ಹತ್ತಿರ ತಾನೇ ಉಜ್ಜಿ ಹದ ಮಾಡಿಕೊಂಡ ಉಕ್ಕಿನ ಪಿನ್ನುಗಳಿದ್ದವು. ಅವನ್ನು ಹಳೆಯ ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಳು. ಪಿನ್ನನ್ನು ತೂತಿಗೆ ಬಿಟ್ಟು, ಅದು ಇಳಿಯುವ ರೀತಿಯಲ್ಲೇ ಅಳತೆ ಹೇಳುತ್ತಿದ್ದಳು. ಆಮೇಲೆ ಯಂತ್ರದಲ್ಲಿಟ್ಟು ಪರೀಕ್ಷಿಸಿದರೆ ಅದೇ ಬರುತ್ತಿತ್ತು.

ಪಕ್ಕದ ಮೇಜಿನ ಭದ್ರಮ್ಮ ಒಮ್ಮೆ ನಾಚಿಕೆ ಬಿಟ್ಟು ಕೇಳಿದ್ದಳು. ಆ ತಿಂಗಳು ಅವಳ ಮೇಜಿನಿಂದ ಬಹಳ ಮಾಲು ರಿಜೆಕ್ಟಾಗಿತ್ತು.

"ಅಂಜನಾ, ಅದೆಂಗೆ ಬಿಡ್ತೀಯೇ ಪಿನ್ನಾ? ಒಂದ್ಸಲ ನನ್ ಕೈ ಇಡ್ಕೊಂಡು ತೋರ್ಸೇ."

"ಅದು ಕೈಗೆ ಬರ್ಬೇಕು. ಯೋಳ್ಕೊಟ್ರೆ ಬರಲ್ಲ."

"ನಿಂಗ್ಯಾರ್ ಯೋಳ್ಕೊಟ್ರು?"

"ಯಾರೂ ಇಲ್ಲ. ಅದ್ಕೇ ಬಂತು."

ಮೂರು ತಿಂಗಳಲ್ಲಿ ಭದ್ರಮ್ಮನನ್ನು ಪ್ಯಾಕಿಂಗಿಗೆ ಹಾಕಿದರು. ಇನ್ನು ಮೇಲೆ ಕೈಯಲ್ಲಿ ರಟ್ಟಿನ ಡಬ್ಬ ಮಡಿಸುವುದೇ ಕೆಲಸ. ಅಂಜನಮ್ಮನ ಮೇಜಿಗೆ ಮಾತ್ರ ಹನ್ನೊಂದು ವರ್ಷ ಒಂದೇ ಒಂದು ರಿಜೆಕ್ಟು ಇರಲಿಲ್ಲ. ಮ್ಯಾನೇಜ್‌ಮೆಂಟಿನವರು ಆಯುಧಪೂಜೆಯ ದಿನ ಒಂದು ಗೋಡೆ ಗಡಿಯಾರ ಕೊಟ್ಟರು. ಫೋಟೋ ತೆಗೆದು ನೋಟೀಸ್ ಬೋರ್ಡಿಗೆ ಹಾಕಿದರು. ಅದು ಬಿಸಿಲಿಗೆ ಬಣ್ಣ ಹೋಗುವವರೆಗೂ ಅಲ್ಲೇ ಇತ್ತು.

ಆ ಹನ್ನೊಂದು ವರ್ಷದ ಗುಟ್ಟು ಕೈಚಳಕದಲ್ಲಿ ಮಾತ್ರ ಇರಲಿಲ್ಲ. ನೂರೈದು ಎಂದು ನಂಬರು ಹೊಡೆದ ಜೆಟ್ಟುಗಳಲ್ಲಿ ಕೆಲವು ಕೊರೆಯುವಾಗಲೇ ಸ್ವಲ್ಪ ದೊಡ್ಡದಾಗಿ ಬರುತ್ತಿದ್ದವು. ಅವನ್ನು ರಿಜೆಕ್ಟ್ ಡಬ್ಬಕ್ಕೆ ಹಾಕಬೇಕು. ಹಾಕಿದರೆ ಆ ಮೇಜಿನವರ ಹೆಸರಿಗೆ ಕೆಂಪು ಗೆರೆ. ಅಂಜನಮ್ಮ ಹಾಕುತ್ತಿರಲಿಲ್ಲ. ತೂತನ್ನು ಇನ್ನಷ್ಟು ಹಿಗ್ಗಿಸಿ, ಕರಾರುವಾಕ್ಕಾಗಿ ನೂರ ಮೂವತ್ತು ಮಾಡಿ, ಜೀಪಿನ ಕಾರ್ಬುರೇಟರಿಗೆ ಹೋಗುವ ನೂರ ಮೂವತ್ತರ ಟ್ರೇಗೆ ಸೇರಿಸುತ್ತಿದ್ದಳು. ಬೆನ್ನ ಮೇಲಿನ ನಂಬರು ಮಾತ್ರ ನೂರೈದೇ ಉಳಿಯುತ್ತಿತ್ತು. ತನಗೆ ಗುರುತಿರಲೆಂದು ಅಂಚಿನಲ್ಲಿ ಉಜ್ಜುವ ಅರದಿಂದ ಒಂದು ಸಣ್ಣ ಗೀರು ಹಾಕುತ್ತಿದ್ದಳು. ಜೋಡಿಸುವ ಹುಡುಗಿಯರು ಟ್ರೇ ನೋಡಿ ಎತ್ತಿಕೊಳ್ಳುತ್ತಿದ್ದರೇ ಹೊರತು ನಂಬರು ಓದುತ್ತಿರಲಿಲ್ಲ. ಕಡೆಯ ಪರೀಕ್ಷೆಯಲ್ಲೂ ಪೆಟ್ರೋಲು ಸರಿಯಾಗೇ ಹರಿಯುತ್ತಿತ್ತು. ಯಾರ ಜೀಪೂ ಕೆಡಲಿಲ್ಲ. ಮೋಸ ಎಂದು ಅವಳಿಗೆ ಯಾವತ್ತೂ ಅನ್ನಿಸಲಿಲ್ಲ. ಹೊಲವಿದ್ದಾಗ ಅವಳ ಅವ್ವ ಮುರುಕು ಕಾಳನ್ನು ಬಿಸಾಡದೆ ಬೇರೆ ಕುಕ್ಕೆಗೆ ಹಾಕುತ್ತಿದ್ದಳಲ್ಲ, ಹಾಗೇ ಇದೂ ಎಂದುಕೊಂಡಿದ್ದಳು.

ತೊಂಬತ್ತೊಂಬತ್ತನೇ ಇಸವಿ ಹುಟ್ಟುವ ಹೊತ್ತಿಗೆ ಕಾರ್ಬುರೇಟರಿನ ಕಾಲ ಮುಗಿದಿತ್ತು. ಹೊಸ ಕಾರುಗಳಲ್ಲಿ ಪೆಟ್ರೋಲನ್ನು ಕಂಪ್ಯೂಟರೇ ಅಳೆದು ಚಿಮ್ಮಿಸುತ್ತಿತ್ತು. ಕಾರ್ಖಾನೆಯನ್ನು ಮಾರ್ಚಿ ಕೊನೆಗೆ ಮುಚ್ಚುತ್ತೇವೆ ಎಂದು ನೋಟೀಸು ಬಂತು. ಬೊಮ್ಮಸಂದ್ರದಲ್ಲಿ ಅದೇ ಕಂಪನಿ ಹೊಸ ಘಟಕ ತೆರೆಯುತ್ತಿತ್ತು. ಅಲ್ಲಿಗೆ ಇಲ್ಲಿಂದ ತೆಗೆದುಕೊಳ್ಳುವುದು ಎಂಟು ಜನರನ್ನು. ಉಳಿದ ನೂರ ಮೂವತ್ತು ಚಿಲ್ಲರೆ ಮಂದಿ ಕೈಗೆ ಬಂದಷ್ಟು ಹಿಡಿದುಕೊಂಡು ಮನೆಗೆ ಹೋಗಬೇಕು. ಏಳು ಹೆಸರು ಗಟ್ಟಿಯಾಗಿದ್ದವು. ಎಂಟನೆಯದಕ್ಕೆ ಇಬ್ಬರ ಮಾತು ನಡೆಯುತ್ತಿತ್ತು. ಒಬ್ಬಳು ಅಂಜನಮ್ಮ. ಇನ್ನೊಬ್ಬ ಸರ್ವಿಸ್ ಶೆಡ್ಡಿನ ಹನುಮಯ್ಯ.

ಹನುಮಯ್ಯ ನೆಲಮಂಗಲದ ಕಡೆಯವನು. ಗಿರಾಕಿಗಳಿಂದ ದೂರು ಬಂದ ಕಾರ್ಬುರೇಟರುಗಳನ್ನು ಬಿಚ್ಚಿ ಸರಿಮಾಡುವುದು ಅವನ ಕೆಲಸ. ಮಾತು ಜಾಸ್ತಿ, ಕೆಲಸದಲ್ಲಿ ಅಚ್ಚುಕಟ್ಟು. ಅವನ ಅಪ್ಪನಿಗೆ ಕಡೆಗಾಲದಲ್ಲಿ ಬುದ್ಧಿ ಮಂಕಾಗಿ, ಸ್ವಂತ ಮನೆಯ ಬಾಗಿಲು ಯಾವುದೆಂದು ಬೀದಿಯಲ್ಲಿ ಕೇಳಿಕೊಂಡು ತಿರುಗುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು. ಹನುಮಯ್ಯನೇ ಅದನ್ನು ನಗೆಚಾಟಿಕೆಯಾಗಿ ಹೇಳುತ್ತಿದ್ದ. ಹೇಳಿ ಮುಗಿಸಿದ ಮೇಲೆ ಅವನು ಮಾತ್ರ ನಗುತ್ತಿರಲಿಲ್ಲ.

ಹೆಸರು ಬರೆಯುವ ಪೆನ್ನು ಇದ್ದದ್ದು ವರ್ಕ್ಸ್ ಮ್ಯಾನೇಜರ್ ವಿಶ್ವನಾಥರ ಜೇಬಿನಲ್ಲಿ. ದಾವಣಗೆರೆಯವರು, ಹಣೆಯ ಮೇಲೆ ತೆಳುವಾದ ವಿಭೂತಿ, ಮೆಲುಮಾತು. ಅವರಿಗೊಂದು ಹುಚ್ಚಿತ್ತು. ತಮ್ಮ ಹಳೆಯ ಕಾರಿಗೆ ಶಿವಾಜಿನಗರದ ಗುಜರಿಯಿಂದ ಟರ್ಬೊ ತಂದು ಕೂರಿಸಿಕೊಂಡಿದ್ದರು. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಬ್ಬಿಣದ ಡಬ್ಬ ಅದು. ಹೊರಗೆ ಹೋಗುವ ಹೊಗೆಯ ರಭಸಕ್ಕೇ ತಿರುಗಿ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುತ್ತದೆ. ಕೂರಿಸಿದವನು ಹನುಮಯ್ಯ. ಮೊದಮೊದಲು ಕಾರು ತುಮಕೂರು ರಸ್ತೆಯಲ್ಲಿ ಲಾರಿಗಳನ್ನು ಹಿಂದೆ ಹಾಕಿ ಓಡುತ್ತಿತ್ತು, ಸ್ವಲ್ಪ ಹೊಗೆ ಬಿಡುತ್ತಿತ್ತು ಅಷ್ಟೆ. ಆ ಹೊಗೆಯನ್ನೂ ಕಡಿಮೆ ಮಾಡು ಎಂದು ಸಾಹೇಬರು ಹೇಳಿದ ಮೇಲೆ ಕಾಟ ಶುರುವಾಯಿತು. ಈಗ ಆಕ್ಸಿಲರೇಟರ್ ಒತ್ತಿದರೆ ಹಿಂದೆ ಕರಿಯ ಮೋಡ. ದಿಬ್ಬ ಹತ್ತುವಾಗ ಗಂಟಲಿಗೆ ಅನ್ನ ಸಿಕ್ಕಿದವರಂತೆ ಕೆಮ್ಮಿ ನಿಲ್ಲುತ್ತಿತ್ತು.

ಮೂರು ವಾರ ಹನುಮಯ್ಯ ಅದರ ಕೆಳಗೇ ಮಲಗಿದ್ದ. ಫೆಬ್ರವರಿಯ ಒಂದು ಬೆಳಗ್ಗೆ ಟೀ ಹೊತ್ತಿನಲ್ಲಿ ಸಾಹೇಬರು ಅಂಜನಮ್ಮನನ್ನು ಶೆಡ್ಡಿಗೆ ಕರೆಸಿದರು.

"ಅಂಜನಮ್ಮ, ನೀವೂ ಒಮ್ಮೆ ನೋಡಿಬಿಡಿ. ಬೇಕಾದ್ರೆ ಹೀಗೆ ಅಂದ್ಕೊಳ್ಳಿ. ಇದರ ಕಾಯಿಲೆ ಹೇಳಿದವರ ಹೆಸರು ಎಂಟನೇದು" ಎಂದು ನಕ್ಕರು. ತಮಾಷೆಗೆ ಹೇಳಿದ ಮಾತು. ಆದರೆ ಆ ಶೆಡ್ಡಿನಲ್ಲಿ ನಗುವ ಸ್ಥಿತಿಯಲ್ಲಿದ್ದವರು ಅವರೊಬ್ಬರೇ.

"ನೋಡ್ಲಿ ಬುಡಿ ಸಾರ್" ಎಂದ ಹನುಮಯ್ಯ, ಬನಿಯನ್ನಿಗೆ ಕೈ ಒರೆಸಿಕೊಳ್ಳುತ್ತ. "ಮೂರು ವಾರದಿಂದ ನಾನ್ ಇದರ ಸೂಲಗಿತ್ತಿ ಆಗಿದೀನಿ. ಅಕ್ಕ ಬಂದ್ ಎರಿಗೆ ಮಾಡುಸ್ಲಿ."

"ಸ್ಟಾರ್ಟ್ ಮಾಡು ಅನುಮಯ್ಯ" ಎಂದಳು ಅಂಜನಮ್ಮ.

ಎಂಜಿನ್ನು ಗುಡುಗಿತು. ಸೈಲೆನ್ಸರಿನ ಬಾಯಿಂದ ಹಸಿ ಪೆಟ್ರೋಲಿನ ವಾಸನೆ ಬಂದು ಕಣ್ಣು ಉರಿಯಿತು. ಹೊಗೆ ಅಳೆಯುವ ಮೀಟರಿನ ಮುಳ್ಳು ಕಡೆಗೆ ಹೋಗಿ ಅಂಟಿಕೊಂಡಿತು. ನಿಲ್ಲಿಸಿ ಸ್ಪಾರ್ಕ್ ಪ್ಲಗ್ಗು ಬಿಚ್ಚಿದರೆ ಲಾಟೀನಿನ ಗಾಜಿಗೆ ಹಿಡಿಯುವಂಥ ಒಣ ಮಸಿ, ಬೆರಳಿಗೆ ಅಂಟಿತು. ಆಯಿಲ್ ಕಡ್ಡಿ ಎಳೆದು ಮೂಸಿದಳು. ಅಲ್ಲೂ ಪೆಟ್ರೋಲು.

"ರಿಚ್ಚು" ಎಂದಳು.

"ಅದು ರೋಡಲ್ಲಿ ಓಗೋ ಎಮ್ಮೆಗೂ ಗೊತ್ತಕ್ಕಾ. ಪೆಟ್ರೋಲ್ ಜಾಸ್ತಿ ಕುಡೀತೈತೆ. ಯಾಕೆ ಕುಡೀತೈತೆ, ಅದನ್ನ ಯೋಳು."

"ಏನೇನ್ ನೋಡಿದೀಯಾ?"

ಹನುಮಯ್ಯ ಹೇಳಿದ. ಪೆಟ್ರೋಲನ್ನು ಒಂದು ಮಟ್ಟದಲ್ಲಿ ನಿಲ್ಲಿಸುವ ತೇಲುಬುಂಡೆಯನ್ನು ಅಳೆದು ನೋಡಿದ್ದ, ಸರಿಯಿತ್ತು. ಅದರ ಸೂಜಿ ವಾಲ್ವು ಹೊಸದು ಹಾಕಿದ್ದ. ಚೋಕು ಸಿಕ್ಕಿಹಾಕಿಕೊಂಡಿದೆಯೇನೋ ಎಂದು ಬಿಚ್ಚಿ ಪಕ್ಕಕ್ಕಿಟ್ಟು ಓಡಿಸಿದ್ದ. ಟರ್ಬೊ ಗಾಳಿ ಒತ್ತಿದಷ್ಟೂ ಪೆಟ್ರೋಲಿನ ಒತ್ತಡವನ್ನು ಏರಿಸುವ ರೆಗ್ಯುಲೇಟರನ್ನು ಎರಡು ಸಲ ಬದಲಾಯಿಸಿದ್ದ. ಗಾಳಿ ಸೋರುತ್ತಿದೆಯೇ ಎಂದು ಪೈಪಿನ ಪ್ರತಿ ಜಾಯಿಂಟಿಗೂ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೋ ಎಂದು ಕಾದಿದ್ದ. ಏಳಲಿಲ್ಲ.

"ಜೆಟ್ಟು?"

"ಜೆಟ್ಟಿನ ಮಾತೇ ಆಡ್ಬ್ಯಾಡ. ಮೊದ್ಲು ನೂರ ಅದಿನೈದು ಇತ್ತು. ಒಗೆ ಕಮ್ಮಿ ಆಗ್ಲಿ ಅಂತ ಸ್ಟೋರಿಂದ ನೂರೈದು ತಂದಾಕ್ದೆ. ಆಕಿದ್ ದಿನದಿಂದ ಒಗೆ ಡಬ್ಬಲ್ಲು! ತೂತು ಸಣ್ಣದು ಮಾಡುದ್ರೆ ಪೆಟ್ರೋಲ್ ಜಾಸ್ತಿ ಆಗತ್ತಾ? ಅಲ್ಲಿಗೆ ಜೆಟ್ಟಿಂದಲ್ಲ ಅಂತ ಗ್ಯಾರಂಟಿ ಆಯ್ತಲ್ಲ."

ವಿಶ್ವನಾಥರು ತಲೆಯಾಡಿಸಿದರು. "ಲಾಜಿಕ್ ಸರಿಯಾಗೇ ಇದೆ."

ಅಂಜನಮ್ಮ ಕೈಯಲ್ಲಿದ್ದ ಪ್ಲಗ್ಗನ್ನು ಮೆಲ್ಲಗೆ ಕೆಳಗಿಟ್ಟಳು. ಐದು ವರ್ಷದ ಹಿಂದೆ ಆ ಜೀಪಿನ ಕಾರ್ಬುರೇಟರ್ ನಿಂತಾಗ, ಟ್ರೇಯಲ್ಲಿ ಉಳಿದಿದ್ದ ಜೆಟ್ಟುಗಳನ್ನೆಲ್ಲ ಸ್ಟೋರಿಗೆ ವಾಪಸು ಕಳಿಸಿದ್ದರು. ಸ್ಟೋರಿನವರು ಏನು ಮಾಡಿರುತ್ತಾರೆ? ಟ್ರೇ ಯಾವುದೆಂದು ಅವರಿಗೇನು ಗೊತ್ತು. ಬೆನ್ನ ಮೇಲಿನ ನಂಬರು ಓದಿ ಆಯಾ ಡ್ರಾಯರಿಗೆ ಹಾಕಿರುತ್ತಾರೆ.

"ಬಿಚ್ಕೊಡು" ಎಂದಳು.

"ಯಾಕಕ್ಕಾ, ನೂರೈದು ಅಂತ ನಾನೇ ಓದಿ..."

"ಬಿಚ್ಕೊಡು ಅಂದೆ."

ಅವನು ಬಿಚ್ಚಿ ಅವಳ ಅಂಗೈಗೆ ಹಾಕಿದ. ನಂಬರು ನೋಡಲಿಲ್ಲ ಅವಳು. ಹೆಬ್ಬೆರಳಿನ ಉಗುರಿನಿಂದ ಅಂಚನ್ನು ಸವರಿದಳು. ಅರ್ಧ ಸುತ್ತು ಬರುವಷ್ಟರಲ್ಲಿ ಉಗುರು ತಡೆಯಿತು. ಗೀರು.

ಪಕ್ಕದಲ್ಲಿ ಸರಿಯಾದ ನೂರೈದನ್ನು ಇಟ್ಟು ನೋಡಿದ್ದರೆ ಯಾರ ಕಣ್ಣಿಗೂ ಕಾಣುತ್ತಿತ್ತು. ಆದರೆ ನಂಬರು ಹೊಡೆದ ಜೆಟ್ಟನ್ನು ಯಾರೂ ಪಕ್ಕದಲ್ಲಿಟ್ಟು ನೋಡುವುದಿಲ್ಲ. ಆ ನಂಬರನ್ನು ತಾವೇ ಹೊಡೆಯುವ ಕಾರ್ಖಾನೆಯವರಂತೂ ನೋಡುವುದೇ ಇಲ್ಲ. ಬೀದಿಯ ಮೆಕ್ಯಾನಿಕ್ಕಾಗಿದ್ದರೆ ಮೊದಲ ದಿನವೇ ಅನುಮಾನಪಟ್ಟು ಬಿಸಾಡುತ್ತಿದ್ದ.

ಡಬ್ಬಿ ತೆಗೆದು ಪಿನ್ನು ಬಿಟ್ಟಳು. ಬಿಡುವ ಅಗತ್ಯವಿರಲಿಲ್ಲ, ಸ್ವಲ್ಪ ಹೊತ್ತು ಬೇಕಿತ್ತು. ಕಾಯಿಲೆ ಹೇಳಿದರೆ ಹೆಸರು ತನ್ನದು. ಕಾಯಿಲೆಗೆ ಕಾರಣ ಹೇಳಿದರೆ ಹನ್ನೊಂದು ವರ್ಷದ ಗಡಿಯಾರ ಸುಳ್ಳಾಗುತ್ತದೆ, ಅದರ ಜೊತೆಗೆ ಹೆಸರೂ ಹೋಗುತ್ತದೆ.

"ಇದು ನೂರೈದಲ್ಲ ಸಾರ್. ನೂರ ಮೂವತ್ತು."

"ವಾಟ್? ನಂಬರ್ ನೂರೈದು ಅಂತ ಇದೆಯಲ್ಲ?"

"ನಂಬರು ನೂರೈದೇ. ತೂತು ನೂರ ಮೂವತ್ತು. ಯಾರೋ ಇಗ್ಗಿಸವ್ರೆ."

ಯಾರೋ. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಸುಳ್ಳು ಹೇಳುವ ಅಭ್ಯಾಸ ಅಂಜನಮ್ಮನಿಗೆ ಇರಲಿಲ್ಲ, ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ವಿಶ್ವನಾಥರು ಹನುಮಯ್ಯನ ಕಡೆ ತಿರುಗಿದರು. ಜೆಟ್ಟಿಗೆ ಡ್ರಿಲ್ ಹಾಕುವುದು ಬೀದಿ ಗ್ಯಾರೇಜಿನವರ ಚಾಳಿ. ಆ ಕಾರ್ಖಾನೆಯಲ್ಲಿ ಅದಕ್ಕಿಂತ ಕೀಳು ಕೆಲಸವಿರಲಿಲ್ಲ. ಹಾಕಿದವರನ್ನು ಸಸ್ಪೆಂಡ್ ಮಾಡುವುದಾಗಿ ಗೋಡೆಯ ಮೇಲೇ ಬರೆದಿತ್ತು.

"ಡ್ರಿಲ್ ಹಾಕಿದ್ರಾ ಹನುಮಯ್ಯ?"

"ಅಯ್ಯೋ ಸಾರ್! ಮನೆದೇವ್ರಾಣೆ! ಇಪ್ಪತ್ತೊರ್ಸದಲ್ಲಿ ಒಂದ್ ಜೆಟ್ಟಿಗ್ ಡ್ರಿಲ್ ಮುಟ್ಸಿಲ್ಲ ನಾನು."

"ಸ್ಟೋರಿಂದ ತಂದದ್ದು ನೀವು. ಹಾಕಿದ್ದು ನೀವು. ಬೇರೆ ಯಾರ ಕೈಗಾದ್ರೂ ಹೋಗಿತ್ತಾ?"

"ಓಗಿಲ್ಲ ಸಾರ್. ಓಗಿಲ್ಲ, ಆದ್ರೆ..." ಅವನು ಅಂಜನಮ್ಮನ ಮುಖ ನೋಡಿದ. "ಅಕ್ಕಾ, ಸರ್ಯಾಗ್ ನೋಡಕ್ಕಾ."

"ನೋಡಿದೀನಿ" ಎಂದಳು ಅಂಜನಮ್ಮ.

ತನ್ನ ಮೇಜಿನಿಂದ ನೂರ ಹತ್ತರ ಒಂದು ಜೆಟ್ಟು ತಂದು ತಾನೇ ಹಾಕಿದಳು. ಎಂಜಿನ್ನು ಎರಡು ಸಲ ಸೀನಿ ಹಳೆಯ ಮಸಿ ಉಗುಳಿ, ಆಮೇಲೆ ಒಂದೇ ಸಮನೆ ಓಡಿತು. ಮೀಟರಿನ ಮುಳ್ಳು ಇಳಿಯಿತು. ವಿಶ್ವನಾಥರು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಮಕೂರು ರಸ್ತೆಗೆ ಹೊರಟರು. ಜಾಲಹಳ್ಳಿ ಕ್ರಾಸ್ ದಾಟಿದ ಮೇಲೆ ಆಕ್ಸಿಲರೇಟರ್ ಒತ್ತಿದರು. ಮುಂದಿನ ಲಾರಿ ಹಿಂದಕ್ಕೆ ಹೋಯಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಹಿಂದಿನ ಗಾಜಿನಲ್ಲಿ ಹೊಗೆಯಿರಲಿಲ್ಲ. ಅವಳು ಆ ಮೊದಲು ಕಾರಿನ ಮುಂದಿನ ಸೀಟಿನಲ್ಲಿ ಕೂತವಳಲ್ಲ. ದಾರಿಯುದ್ದಕ್ಕೂ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಬ್ರಿಲಿಯಂಟ್" ಎಂದರು ಸಾಹೇಬರು. "ಝೀರೋ ರಿಜೆಕ್ಟ್ ಅಂದ್ರೆ ಸುಮ್ನೆ ಅಲ್ಲ."

ವಾರದೊಳಗೆ ಪಟ್ಟಿ ಅಂಟಿಸಿದರು. ಎಂಟನೆಯ ಹೆಸರು ಅಂಜನಮ್ಮ.

ಬೊಮ್ಮಸಂದ್ರದ ಕೆಲಸ ಏನೆಂದು ನೋಡಿಕೊಂಡು ಬರಲು ಎಂಟೂ ಜನರನ್ನು ಒಂದು ದಿನ ಬಸ್ಸಿನಲ್ಲಿ ಕರೆದುಕೊಂಡು ಹೋದರು. ಊರಿನ ಈ ತುದಿಯಿಂದ ಆ ತುದಿಗೆ ಎರಡೂವರೆ ಗಂಟೆ. ಅಲ್ಲಿ ತಣ್ಣನೆಯ ಬಿಳಿ ಹಾಲಿನಲ್ಲಿ ಇಪ್ಪತ್ತರ ಆಸುಪಾಸಿನ ಹುಡುಗಿಯರು ತಲೆಗೆ ಟೋಪಿ ಹಾಕಿಕೊಂಡು ಸಾಲಾಗಿ ನಿಂತಿದ್ದರು. ಒಂದು ಪ್ಲಾಸ್ಟಿಕ್ಕಿನ ತುದಿಯನ್ನು ಇನ್ನೊಂದು ಪ್ಲಾಸ್ಟಿಕ್ಕಿನ ಬಾಯಿಗೆ ಒತ್ತುವುದು. ಸರಿ ಕೂತರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು ದೀಪ. ನೋಡುವ, ಅಳೆಯುವ ಕೆಲಸವೆಲ್ಲ ದೀಪದ್ದು. ಅಂಜನಮ್ಮ ಸೀರೆಯ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪಿನ್ನಿನ ಡಬ್ಬಿಯನ್ನು ಮುಟ್ಟಿ ನೋಡಿಕೊಂಡಳು. ಸೂಪರ್‌ವೈಸರ್ ಹುಡುಗಿ ಬಂದು, "ಆಂಟಿ, ಮೆಟಲ್ ಐಟಮ್ ಒಳಗೆ ತರಂಗಿಲ್ಲ" ಎಂದು ಡಬ್ಬಿ ಇಸಕೊಂಡು ಬಾಗಿಲ ಹೊರಗಿನ ಕಿಟಕಿಯ ಮೇಲಿಟ್ಟಳು.

ಇತ್ತ ಹನುಮಯ್ಯ ಮೊದಲ ವಾರ ಎಲ್ಲರ ಹತ್ತಿರವೂ ಜಗಳವಾಡಿದ. ಸ್ಟೋರಿನವನ ಕೊರಳಪಟ್ಟಿ ಹಿಡಿದ. ಎರಡನೆಯ ವಾರ ತನ್ನ ಡ್ರಿಲ್ ಬಿಟ್ಟುಗಳನ್ನು ನೆಲದ ಮೇಲೆ ಹರಡಿಕೊಂಡು, ಯಾವುದಕ್ಕಾದರೂ ಹಿತ್ತಾಳೆಯ ಪುಡಿ ಅಂಟಿದೆಯೇ ಎಂದು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಇಪ್ಪತ್ತು ವರ್ಷ ಹಿತ್ತಾಳೆಯ ನಡುವೆ ಇದ್ದ ಬಿಟ್ಟುಗಳಿಗೆ ಹಿತ್ತಾಳೆ ಅಂಟದೆ ಇರುತ್ತದೆಯೇ? ಮೂರನೆಯ ವಾರದಿಂದ ಮಾತು ಕಡಿಮೆಯಾಯಿತು.

ಕ್ಯಾಂಟೀನಿನಲ್ಲಿ ಭದ್ರಮ್ಮ ಅಂಜನಮ್ಮನ ಎದುರು ತಟ್ಟೆ ಇಟ್ಟುಕೊಂಡು ಕೂತಳು. ಇಬ್ಬರ ನಡುವೆ ಸ್ನೇಹವೇನಿರಲಿಲ್ಲ, ಜಾಗ ಅಲ್ಲೇ ಖಾಲಿ ಇತ್ತು.

"ಅನುಮಯ್ಯನ್ ಕತೆ ಕೇಳ್ದ್ಯಾ?"

"ಏನು?"

"ನಾನೇ ಕೊರ್ದು ಮರ್ತಿದೀನೋ ಏನೋ ಭದ್ರಕ್ಕಾ, ಅಂತಾನೆ. ನಮ್ಮಪ್ಪಂಗೂ ಇಂಗೇ ಸುರುವಾಯ್ತು, ಮೊದ್ಲು ಸಣ್ಣಪುಟ್ಟದ್ ಮರೀತಿದ್ರು, ಅಂತಾನೆ. ಈಗ ಏನ್ ಮಾಡುದ್ರೂ ಬರ್ದು ಇಟ್ಕೊತಾನಂತೆ. ಗ್ಯಾಸ್ ಆಫ್ ಮಾಡ್ದೆ, ಬೀಗ ಆಕ್ದೆ, ಅಂತ ಜೇಬಲ್ ಚೀಟಿ. ಎಂಡ್ರು ಅಳ್ತಾವ್ಳೆ." ಭದ್ರಮ್ಮ ಮುದ್ದೆ ಮುರಿದಳು. "ನೂರ ಮೂವತ್ತು ಅಂತ ಕಂಡಿಡ್ದೋಳು ನೀನು. ಯಾರ್ ಕೊರುದ್ರು ಅಂತ ಗೊತ್ತಾಗ್ಲಿಲ್ವಾ?"

"ಪಿನ್ನು ಅಳ್ತೆ ಯೋಳತ್ತೆ. ಎಸ್ರು ಯೋಳಲ್ಲ."

"ಯೋಳುದ್ರೂ ನೀನ್ ಯೋಳಲ್ಲ ಬುಡು. ನಿನ್ ಬಾಯಿಗೂ ಒಂದ್ ಜೆಟ್ಟಾಕವ್ನೆ ದೇವ್ರು, ಸೊನ್ನೆ ನಂಬರ್ದು."

ಸುತ್ತ ಕೂತವರು ನಕ್ಕರು. ಅಂಜನಮ್ಮ ಊಟ ಮುಗಿಸಿ ಎದ್ದು ಕೈ ತೊಳೆದಳು. ಸೀಟು ಹೋದದ್ದಕ್ಕೆ ಹನುಮಯ್ಯ ಅತ್ತಿದ್ದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ಒಬ್ಬರಿಗೆ ಸಿಕ್ಕಿದರೆ ಇನ್ನೊಬ್ಬರಿಗೆ ಇಲ್ಲ, ಅದು ಎಲ್ಲ ಕಡೆ ಇರುವುದೇ. ಇದು ಬೇರೆ. ತನ್ನ ಮೇಜಿನಿಂದ ಹೋದ ಒಂದು ತಪ್ಪು ನಂಬರು ಆ ಮನುಷ್ಯನ ತಲೆಯೊಳಗೆ ಕೂತುಬಿಟ್ಟಿತ್ತು. ಅಲ್ಲಿ ಅದನ್ನು ಬಿಚ್ಚಿ ನೋಡುವವರು ಯಾರೂ ಇರಲಿಲ್ಲ. ಹಾಗೆಂದು ಅವಳು ಆ ದಿನ ಏನೂ ಮಾಡಲಿಲ್ಲ. ಮರುದಿನವೂ ಮಾಡಲಿಲ್ಲ. ಮಾರ್ಚಿ ಪೂರ್ತಿ ಹೀಗೇ ಕಳೆಯಿತು.

ಕೊನೆಯ ದಿನ ಬುಧವಾರ. ಮಧ್ಯಾಹ್ನದ ಹೊತ್ತಿಗೆ ಯಂತ್ರಗಳನ್ನು ಲಾರಿಗೆ ಏರಿಸಿ ಆಗಿತ್ತು. ನೆಲದ ಮೇಲೆ ಅವು ನಿಂತಿದ್ದ ಜಾಗ ಮಾತ್ರ ಎಣ್ಣೆಗಪ್ಪಾಗಿ ಉಳಿದಿತ್ತು. ಸ್ಟೋರಿನ ಡ್ರಾಯರುಗಳಲ್ಲಿ ಉಳಿದದ್ದನ್ನು ಬೇಕಾದವರು ಒಯ್ಯಬಹುದು ಎಂದಿದ್ದರು. ಹನುಮಯ್ಯ ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಜೆಟ್ಟುಗಳನ್ನು ಹಾರ್ಲಿಕ್ಸ್ ಬಾಟಲಿಗಳಿಗೆ ತುಂಬುತ್ತಿದ್ದ. ನೆಲಮಂಗಲದಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ತಗಡಿನ ಶೆಡ್ಡು ನೋಡಿದ್ದ. ಹಳೆಯ ಕಾರುಗಳು ಇರುವಷ್ಟು ದಿನ ಕಾರ್ಬುರೇಟರ್ ಕೆಲಸ ಇರುತ್ತದೆ. ಎಷ್ಟು ದಿನ ಎಂದು ಅವನೂ ಕೇಳಿಕೊಂಡಿರಲಿಲ್ಲ. ಒಂದೊಂದು ಬಾಟಲಿ ತುಂಬಿದ ಮೇಲೂ ಜೇಬಿನಿಂದ ಚೀಟಿ ತೆಗೆದು ನಂಬರು ಬರೆದುಕೊಳ್ಳುತ್ತಿದ್ದ.

ಅಂಜನಮ್ಮ ಬಂದು ಎದುರಿಗೆ ನಿಂತಳು. ಕೈಚೀಲದಲ್ಲಿ ಬೊಮ್ಮಸಂದ್ರದ ಆರ್ಡರ್ ಇತ್ತು. ನಾಳೆಯೇ ಹೋಗಿ ಸೇರಬೇಕು.

"ನೂರೈದರ ಬಾಟ್ಲಿ ಯಾವ್ದು?"

"ಯಾಕಕ್ಕಾ? ನಾಳೆಯಿಂದ ನಿಂದು ಎಸಿ ರೂಮು. ಜೆಟ್ಟೇನಕ್ಕೆ?"

ಅವಳೇ ಬಾಟಲಿ ಎತ್ತಿಕೊಂಡು, ಅವನ ಪಕ್ಕದ ಮೆಟ್ಟಿಲ ಮೇಲೆ ಕೂತು, ಸೆರಗನ್ನು ತೊಡೆಯ ಮೇಲೆ ಹರವಿ ಎಲ್ಲವನ್ನೂ ಸುರಿದುಕೊಂಡಳು. ಒಂದೊಂದರ ಅಂಚನ್ನೂ ಉಗುರಿನಿಂದ ಸವರಿದಳು. ಕೆಲವನ್ನು ಬಾಟಲಿಗೆ ವಾಪಸು ಹಾಕಿದಳು, ಕೆಲವನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟಳು. ಕಣ್ಣು ಬಾಟಲಿಯ ಕಡೆಗೂ ಇರಲಿಲ್ಲ, ಅವನ ಕಡೆಗೂ ಇರಲಿಲ್ಲ. ಹನುಮಯ್ಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಸಾಲಿನಲ್ಲಿ ಹದಿನೇಳಾದವು.

ಒಂದನ್ನು ಎತ್ತಿ ಅವನ ಅಂಗೈಗೆ ಹಾಕಿದಳು.

"ಅಂಚು ಸವರು. ಉಗುರಲ್ಲಿ."

ಅವನು ಸವರಿದ. ಕೈ ನಿಂತಿತು. "ಏನೋ ತಡೀತೈತೆ."

"ಗೀರು. ಅರ ಆಕಿರೋದು. ಇದು ಇರೋವೆಲ್ಲ ನೂರ ಮೂವತ್ತು. ಮೇಲಿನ್ ನಂಬರ್ ನಂಬ್ಬ್ಯಾಡ."

"ಸಾಹೇಬ್ರ ಕಾರಲ್ ಇದ್ದಿದ್ರಲ್ಲೂ ಇತ್ತಾ ಈ ಗೀರು?"

"ಇತ್ತು."

"ಯಾರ್ ಆಕಿದ್ದು?"

"ನಾನು. ಎಂಬತ್ತೆರಡ್ನೇ ಇಸ್ವೀಲಿ ಸುರು ಮಾಡ್ದೆ. ನೀನ್ ಕೊರ್ದಿಲ್ಲ, ಮರ್ತೂ ಇಲ್ಲ. ಆ ಚೀಟಿ ಅರ್ದಾಕು."

ಹನುಮಯ್ಯ ಅಂಗೈಯಲ್ಲಿದ್ದ ಜೆಟ್ಟನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು.

"ಒಂದೂವರೆ ತಿಂಗ್ಳು ಕಣಕ್ಕಾ" ಎಂದ. "ಒಂದೂವರೆ ತಿಂಗ್ಳು ನನ್ ತಲೆನೇ ನಾನ್ ನಂಬ್ಲಿಲ್ಲ. ಬೆಳಗ್ಗೆದ್ರೆ ಎಂಡ್ತಿ ಎಸ್ರು ನೆಪ್ಪೈತಾ ಅಂತ ಕೇಳ್ಕೊತಿದ್ದೆ. ನೀನು ಅಲ್ಲೇ ನಿಂತಿದ್ದೆ. ಅಲ್ಲೇ! ಯಾರೋ ಅಂದ್ಯಲ್ಲ."

ಕ್ಷಮಿಸು ಎನ್ನುವ ಮಾತು ಅಂಜನಮ್ಮನಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಆ ಹೊತ್ತಿಗೆ ಅದರಿಂದ ಏನೂ ಆಗುವಂತಿರಲಿಲ್ಲ.

"ನಾನ್ ಈಗ್ಲೇ ಓಗಿ ಸಾಹೇಬ್ರಿಗ್ ಯೋಳುದ್ರೆ?"

"ಯೋಳು. ರೂಮಲ್ಲೇ ಅವ್ರೆ. ನಾಕ್ ಗಂಟೆಗ್ ಓಗ್ತಾರೆ."

ಶೆಡ್ಡಿನ ಗೋಡೆಯ ಮೇಲಿದ್ದ ಗಡಿಯಾರವನ್ನು ಆಗಲೇ ಯಾರೋ ಕಿತ್ತುಕೊಂಡು ಹೋಗಿದ್ದರು. ಮೂರೂ ಕಾಲೋ, ಮೂರೂವರೆಯೋ ಆಗಿತ್ತು. ಮ್ಯಾನೇಜರರ ಕೋಣೆಯ ಬಾಗಿಲು ಅಂಗಳದ ಆಚೆ ತೆರೆದೇ ಇತ್ತು. ಒಳಗೆ ಯಾರೋ ಕಾಗದ ಹರಿಯುವ ಸದ್ದು ಇಲ್ಲಿಯವರೆಗೂ ಕೇಳುತ್ತಿತ್ತು. ಹನುಮಯ್ಯ ಆ ಕಡೆ ನೋಡುತ್ತ ಅರ್ಧ ಎದ್ದಿದ್ದ.

ಅಂಜನಮ್ಮ ಸೊಂಟದಿಂದ ಕನ್ನಡಕದ ಡಬ್ಬಿ ತೆಗೆದು ತೆರೆದಳು. ಪಿನ್ನುಗಳಲ್ಲಿ ಒಂದನ್ನು ಆರಿಸಿ, ಅದರ ಹಿಡಿಯನ್ನು ಅವನ ಕಡೆಗೆ ಮಾಡಿ ಹಿಡಿದಳು. ಡಬ್ಬಿಯನ್ನು ಅವನ ಬಾಟಲಿಗಳ ಪಕ್ಕದಲ್ಲಿ ಇಟ್ಟಳು.

"ಓಗೋದಾದ್ರೆ ಓಗು. ಮೊದ್ಲು ಕೂತ್ಕೊ. ಗೀರಿಲ್ದೇ ಇರೋದ್ರಲ್ಲೂ ತಪ್ಪಿರ್ತದೆ. ಎಲ್ಲಾ ನಾನೊಬ್ಳೇ ಮಾಡ್ಲಿಲ್ಲ. ಅದು ನಿನ್ ಕೈಗೇ ಗೊತ್ತಾಗ್ಬೇಕು."

ಅವನು ಕೂತ. ಕೋಪಕ್ಕೋ, ಅಭ್ಯಾಸಕ್ಕೋ, ಎದುರಿಗೆ ಹಿಡಿದ ಉಪಕರಣವನ್ನು ಕೈ ತಾನಾಗೇ ಇಸಕೊಂಡಿತು.

"ಕಣ್ ಮುಚ್ಕೊ. ಎರಡೇ ಬೆರಳು. ಇಂಗೆ." ಮಸಿ ಹಿಡಿದ ಅವನ ಹೆಬ್ಬೆರಳನ್ನು ತನ್ನ ಬೆರಳಿನಿಂದ ಅರ್ಧ ಇಂಚು ಹಿಂದಕ್ಕೆ ಸರಿಸಿದಳು. "ತಳ್ಬ್ಯಾಡ. ತಾನೇ ಇಳೀಲಿ. ಎಲ್ಲಿ ನಿಲ್ಲತ್ತೆ ನೋಡು. ಎಷ್ಟು?"

"ನೂರ... ಅತ್ತಾ?"

"ತಪ್ಪು. ತಳ್ಳುದ್ಯಲ್ಲ. ಇನ್ನೊಂದ್ಸಲ."

ಗೇಟಿನಲ್ಲಿ ಕಂಪನಿಯ ಬಸ್ಸು ಹಾರ್ನ್ ಹೊಡೆಯಿತು. ಭದ್ರಮ್ಮ ಫುಟ್‌ಬೋರ್ಡಿನ ಮೇಲೆ ನಿಂತು, "ಬರ್ತೀಯೇನೇ ಅಂಜನಾ, ಇದೇ ಕಡೇ ಬಸ್ಸು!" ಎಂದು ಕೂಗಿದಳು. ಮೆಟ್ಟಿಲ ಕಡೆ ಕಣ್ಣು ಬಿದ್ದಾಗ ಕೂಗುವುದನ್ನು ನಿಲ್ಲಿಸಿದಳು.

ಅಂಜನಮ್ಮ ತಿರುಗಿ ನೋಡಲಿಲ್ಲ. ಇನ್ನೊಂದು ಜೆಟ್ಟನ್ನು ಎತ್ತಿ ಅವನ ಬೆರಳುಗಳ ನಡುವೆ ಇಟ್ಟಳು.